ಎಂಟರ ಪಂಕ್ತಿಗೆ ಯಾರೂ ಬರಲಿಲ್ಲ

ಫೆಬ್ರವರಿ ತಿಂಗಳ ಕೊನೆಯ ಶನಿವಾರ, ಬೆಳಗಿನ ಐದೂವರೆ. ಸ್ಥಳ, ಸಾಗರದ ನಮ್ಮ ಮನೆಯ ಅಡುಗೆಮನೆ. ಹಾಜರಿದ್ದವರು ನಾನು, ನನ್ನ ಯಜಮಾನರು ಮತ್ತು ತಟ್ಟೆಯಲ್ಲಿ ಆರುತ್ತಿದ್ದ ನಾಲ್ಕು ಚಪಾತಿಗಳು. ಯಜಮಾನರು ಪೂರ್ತಿ ಹಾಜರಿದ್ದರು ಎನ್ನುವಂತಿಲ್ಲ. ಬಾಗಿಲಿಗೆ ಒರಗಿ, ಒಂದು ಕಣ್ಣು ತೆರೆದು, ಇನ್ನೊಂದನ್ನು ಮುಚ್ಚಿಕೊಂಡು ನಿಂತಿದ್ದರು.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಕೆಲಸ ಬಿಟ್ಟರೂ ವೇಳಾಪಟ್ಟಿ ಬಿಟ್ಟಿಲ್ಲ. ನನ್ನ ದಿನಕ್ಕೆ ಈಗಲೂ ಪೀರಿಯಡ್‌ಗಳಿವೆ; ಗಂಟೆ ಬಾರಿಸುವವರಿಲ್ಲ ಅಷ್ಟೆ. ಚಿಕ್ಕಂದಿನಲ್ಲಿ ನಮ್ಮಪ್ಪ ದೀಪ ಹಚ್ಚಿದ ಕೂಡಲೇ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದ. ಒಂದರ ಮಗ್ಗಿ, ಎರಡರ ಮಗ್ಗಿ ಮುಗಿದ ಮೇಲೆ ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿ. ತಪ್ಪಿದವರಿಗೆ ಊಟ ತಡ. ಹಾಗಾಗಿ ನನಗೆ ಭಿನ್ನರಾಶಿ ಎಂದರೆ ಈಗಲೂ ಮೊದಲು ಹಸಿವು ನೆನಪಾಗುತ್ತದೆ, ಆಮೇಲೆ ಅಂಶ, ಛೇದ.

ಆ ಬೆಳಿಗ್ಗೆ ಜಾಮಿಟ್ರಿ ಬಾಕ್ಸು ಅಡುಗೆಮನೆಗೆ ಬಂದಿತ್ತು. ಮೊದಲ ಚಪಾತಿಯನ್ನು ಅಡಿಪಟ್ಟಿ ಇಟ್ಟು ಸರಿಯಾಗಿ ಎರಡು ಮಾಡಿದೆ. ಎರಡನೆಯದನ್ನು ನಾಲ್ಕು, ಮೂರನೆಯದನ್ನು ಎಂಟು. ನಾಲ್ಕನೆಯದಕ್ಕೆ ಕೋನಮಾಪಕ ಬೇಕಾಯಿತು, ಏಕೆಂದರೆ ಅದು ಮೂರು ಪಾಲಾಗಬೇಕಿತ್ತು. ಯಜಮಾನರ ಮುಚ್ಚಿದ ಕಣ್ಣೂ ತೆರೆಯಿತು.

"ಎಂತ ಇದು? ಚಪಾತಿಗೆ ಡಿಗ್ರಿ ಕೊಡ್ತಾ ಇದ್ಯಾ?"

"ಇದು ಚಪಾತಿ ಅಲ್ಲ. ಪಾಠೋಪಕರಣ."

"ಹಾಂಗಾರೆ ತಿಂಡಿ ಎಂತ?"

"ನಿನ್ನೆಯ ಅವಲಕ್ಕಿ ಇದ್ದು. ಒಗ್ಗರಣೆ ಹಾಕ್ಯಂಬದು ನಿಮ್ಮ ಪಾಠ."

ಇಷ್ಟು ಹೇಳಿ ಸೀರೆ ಉಡಲು ಒಳಗೆ ಹೋದೆ. ಆಗ ಹೋಗಬಾರದಿತ್ತು ಎಂಬುದು ಬಸ್ಸು ಬಟ್ಟೆಮಲ್ಲಪ್ಪ ಎಂಬ ಊರು ದಾಟುವ ಹೊತ್ತಿಗೆ ತಿಳಿಯಿತು.

ಇಷ್ಟೆಲ್ಲ ಏಕೆಂದರೆ, ಹೊಸನಗರದಲ್ಲಿರುವ ನನ್ನ ತಂಗಿಯ ಸೊಸೆಗೆ ಆ ದಿನ ಹನ್ನೊಂದು ಗಂಟೆಗೆ ತೀರ್ಥಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಡೆಮೊ ಕ್ಲಾಸ್ ಇತ್ತು. ಐದನೇ ತರಗತಿ, ಭಿನ್ನರಾಶಿ. ಬಿ.ಎಡ್. ಮಾಡಿ, ಮದುವೆಯಾಗಿ, ಬಹಳ ವರ್ಷ ಮನೆಯಲ್ಲೇ ಉಳಿದ ಹುಡುಗಿ. ಅವಳ ಗಂಡನಿಗೆ ತೀರ್ಥಹಳ್ಳಿಗೆ ವರ್ಗವಾಗಿತ್ತು. ಅವನು ಅಲ್ಲಿ ಒಂದು ಕೋಣೆ ಹಿಡಿದು, ಅನ್ನ ಸೀಯಿಸಿಕೊಂಡು ತಿಂದು, ವಾರದ ಕೊನೆಗೆ ಊರಿಗೆ ಬರುತ್ತಿದ್ದ. ಇವಳಿಗೆ ಕೆಲಸ ಸಿಕ್ಕಿದರೆ ಇಬ್ಬರೂ ಅಲ್ಲೇ ಮನೆ ಮಾಡುವುದೆಂದು ಮಾತಾಗಿತ್ತು. ಆಗಲೇ ಎರಡು ಶಾಲೆಯವರು ಇವಳನ್ನು ವಾಪಸು ಕಳಿಸಿದ್ದರು. ಆ ಊರಿನಲ್ಲಿ ಈ ವರ್ಷಕ್ಕೆ ಉಳಿದಿದ್ದು ಇದೊಂದೇ ಜಾಗ.

ಎರಡನೇ ಶಾಲೆಯಲ್ಲಿ ಆದದ್ದು ನನಗೆ ಗೊತ್ತಿತ್ತು. ಒಬ್ಬ ಹುಡುಗಿ ಎದ್ದು ನಿಂತು, "ಕಾಲಿಗೆ ಕಾಲು ಕೂಡಿಸಿದ್ರೆ ಮೇಲೆ ಎರಡು, ಕೆಳಗೆ ಎಂಟು ಯಾಕಾಗಲ್ಲ ಮಿಸ್?" ಎಂದು ಕೇಳಿದಳಂತೆ. ಇವಳು "ನಾಳೆ ಹೇಳ್ತೇನೆ" ಅಂದಳಂತೆ. ಡೆಮೊ ಕ್ಲಾಸಿಗೆ ನಾಳೆ ಎಂಬುದು ಇರುವುದಿಲ್ಲ. ಸುದ್ದಿ ಕೇಳಿದ ದಿನವೇ ನಾನು ತಂಗಿಗೆ ಫೋನು ಮಾಡಿ, ಮುಂದಿನ ಸಲ ನಾನು ಜೊತೆಗೆ ಹೋಗುವುದಾಗಿ ತಿಳಿಸಿದ್ದೆ. ಕೇಳಲಿಲ್ಲ, ತಿಳಿಸಿದೆ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಉಪಕರಣಗಳ ತಪಾಸಣೆ ಮಾಡೋಣವೆಂದು ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದೆ. ಅರ್ಧಗಳು ಸರಿ. ಕಾಲುಗಳು ಸರಿ. ಅರೆಕಾಲುಗಳು ಸರಿ. ಮೂರು ಪಾಲಿನ ಚಪಾತಿ ಬಾಯಿ ತೆರೆದ ಮೀನಿನ ಹಾಗೆ ಕಂಡಿತು. ಒಂದು ಪಾಲು ಇರಲಿಲ್ಲ. ಫೋನು ಮಾಡಿದೆ.

"ಮೂರನೇ ಒಂದು ಎಲ್ಲಿ?"

"ಉಪಕರಣ ಸರಿ ಇದ್ದಾ ಇಲ್ಯಾ ಅಂತ ನೋಡಿದ್ದಪ್ಪ," ಅಂದರು ಯಜಮಾನರು. "ಉಪ್ಪು ಒಂಚೂರು ಕಡಮೆ."

ಇಂಥವರ ಜೊತೆ ಬಾಳಿದವಳು ನಾನು.

ಹೊಸನಗರದಲ್ಲಿ ತಂಗಿಯ ಮನೆ ಬಸ್ ನಿಲ್ದಾಣಕ್ಕೆ ಹತ್ತಿರ. ಸೊಸೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಸಿದ್ಧಳಾಗಿದ್ದಳು. ಮುಖ ಮಾತ್ರ ಇಸ್ತ್ರಿಯಾಗಿರಲಿಲ್ಲ. ತಂಗಿ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, "ಎಂತಕ್ಕೆ ಇದೆಲ್ಲ ಹೊತ್ಕಂಡು ಬಪ್ಪದು ಅಕ್ಕಾ," ಎನ್ನುತ್ತಾ ಒಳಗೆ ಹೋದಳು. ನಾನು ಜಗಲಿಯಲ್ಲಿ ಸೊಸೆಯನ್ನು ಎದುರಿಗೆ ಕೂರಿಸಿಕೊಂಡೆ. ಬಸ್ಸಿಗೆ ಸ್ವಲ್ಪವೇ ಹೊತ್ತಿತ್ತು.

"ಕಾಪಿ ಅರ್ಧ ಲೋಟ ಸಾಕು," ಎಂದು ಒಳಗೆ ಕೂಗಿದೆ.

ಬಂದದ್ದು ಅಂಚಿನವರೆಗೆ ತುಂಬಿದ ಲೋಟ. ಅದೂ ದೊಡ್ಡ ಲೋಟ.

ಇಲ್ಲಿ ನನ್ನ ಒಂದು ಸಿದ್ಧಾಂತವನ್ನು ಬರೆದಿಡಬೇಕು. ನಮ್ಮ ಕಡೆ ಮಕ್ಕಳಿಗೆ ಭಿನ್ನರಾಶಿ ಏಕೆ ಕಷ್ಟವೆಂದರೆ, ನಮ್ಮ ಮನೆಗಳಲ್ಲಿ ಯಾರೂ ಯಾರಿಗೂ ಸರಿಯಾದ ಅರ್ಧ ಕೊಟ್ಟ ಉದಾಹರಣೆಯೇ ಇಲ್ಲ. ಅತಿಥಿ "ಅರ್ಧ ಹೋಳಿಗೆ ಸಾಕು" ಅಂದರೆ ಒಂದು ಬಡಿಸುತ್ತಾರೆ. ಕೈ ಅಡ್ಡ ಹಿಡಿದು ಗಲಾಟೆ ಮಾಡಿದರೆ ಮುರಿಯುತ್ತಾರೆ, ಆದರೆ ಮುರಿದ ಎರಡರಲ್ಲಿ ದೊಡ್ಡದನ್ನೇ ಹಾಕುತ್ತಾರೆ. ಚಿಕ್ಕದನ್ನು ಹಾಕಿದರೆ ಮನೆಯ ಮರ್ಯಾದೆ ಹೋಗುತ್ತದೆ. ಹೀಗೆ ಹುಟ್ಟಿದಾರಭ್ಯ ದೊಡ್ಡ ಅರ್ಧ, ಚಿಕ್ಕ ಅರ್ಧ ನೋಡಿ ಬೆಳೆದ ಮಗುವಿಗೆ ಶಾಲೆಯಲ್ಲಿ ಅರ್ಧಗಳೆರಡೂ ಸಮ ಅಂದರೆ ಅದು ನಂಬುವುದಾದರೂ ಹೇಗೆ?

ಇದನ್ನೇ ಸೊಸೆಗೆ ಹೇಳಿದೆ. "ಮೂರು ಮೆಟ್ಟಿಲು. ಮೊದಲನೆಯದು ಸಮಪಾಲು. ಸಮ ಇಲ್ಲೆ ಅಂದ್ರೆ ಭಿನ್ನರಾಶಿಯೇ ಇಲ್ಲೆ. ಎರಡನೆಯದು, ಪಾಲು ಹೆಚ್ಚಾದ ಹಾಂಗೆ ತುಂಡು ಚಿಕ್ಕದಾಗ್ತು. ಮಕ್ಕಳು ಎಂಟು ದೊಡ್ಡದು, ಹಾಂಗಾಗಿ ಎಂಟನೇ ಒಂದೂ ದೊಡ್ಡದು ಅಂತಾರೆ. ಆಗ ಡಬ್ಬಿ ತೆಗೆದು ಕಾಲು, ಅರೆಕಾಲು ಒಂದರ ಮೇಲೊಂದು ಇಟ್ಟು ತೋರ್ಸು. ಮೂರನೆಯದು ಸಂಖ್ಯಾರೇಖೆ. ಅದನ್ನ ಬಸ್ಸಲ್ಲಿ ಹೇಳ್ತೆ."

"ದೊಡ್ಡತ್ತೆ, ಎಂಟನೇ ಒಂದು ಅಂದ್ರೆ ನಂಗೆ ಈಗ್ಲೂ ಹೆದರಿಕೆ ಆಗ್ತು," ಅಂದಳು.

"ಆಗಲಿ. ಹನ್ನೊಂದು ಗಂಟೆ ಒಳಗೆ ಮುಗಿಸಿಕೋ."

ಹೊರಡುವಾಗ ತಂಗಿ ಡಬ್ಬಿಯನ್ನು ತಂದು ಸೊಸೆಯ ಕೈಗೇ ಕೊಟ್ಟಳು. ನಾನು ತಂದಿದ್ದ ಬಟ್ಟೆಯಲ್ಲೇ ಕಟ್ಟಿತ್ತು, ಗಂಟು ಸ್ವಲ್ಪ ಬೇರೆಯಾಗಿತ್ತು. ಬಸ್ಸಿನಲ್ಲಿ ಕೈಗೆತ್ತಿಕೊಂಡಾಗ ಹಗುರ ಅನ್ನಿಸಿತು. ಯಜಮಾನರ ಹೊಟ್ಟೆಗೆ ಹೋದ ಪಾಲು ನೆನಪಾಗಿ ಹಲ್ಲು ಕಡಿದೆ. "ದಾರಿಯಲ್ಲಿ ತೆಗೆಯಬೇಡ, ಗಾಳಿಗೆ ಒಣಗಿ ಸೆಟೆಯುತ್ತದೆ," ಎಂದು ಸೊಸೆಗೂ ಎಚ್ಚರಿಸಿದೆ.

ತೀರ್ಥಹಳ್ಳಿ ಬಸ್ಸಿನಲ್ಲಿ ಸಂಖ್ಯಾರೇಖೆಯ ಪಾಠ ಶುರುವಾಯಿತು. ಭಿನ್ನರಾಶಿ ಎಂದರೆ ಬರೀ ತುಂಡಲ್ಲ, ಅದೂ ಒಂದು ಸಂಖ್ಯೆ, ಅದಕ್ಕೂ ರೇಖೆಯ ಮೇಲೆ ಒಂದು ಜಾಗವಿದೆ ಎಂದು ಮಗುವಿಗೆ ಹೊಳೆದರೆ ಮುಂದಿನದೆಲ್ಲ ಸಲೀಸು. ಇದು ನನ್ನ ಅನುಭವ. ಹಾಗಾಗಿ ಗಟ್ಟಿಯಾಗಿಯೇ ಹೇಳಿದೆ. "ಹೊಸನಗರ ಸೊನ್ನೆ. ತೀರ್ಥಹಳ್ಳಿ ಒಂದು. ಈಗ ಹೇಳು, ಅರ್ಧ ಎಲ್ಲಿ?"

ಸೊಸೆ ಬಾಯಿ ತೆರೆಯುವ ಮೊದಲೇ ಮುಂದಿನ ಸೀಟಿನ ಹೆಂಗಸು ತಿರುಗಿದರು. "ಅರ್ಧ ಅಂದ್ರೆ ನಮ್ಮೂರು ಕಣ್ರೀ. ನಮ್ಮ ಗೇಟ್ ಹತ್ರ ಇಳಿದ್ರೆ ಆ ಕಡೆಗೂ ಅಷ್ಟೇ, ಈ ಕಡೆಗೂ ಅಷ್ಟೇ."

"ನಿಮ್ಮೂರು ಎಲ್ಲಿ ಅರ್ಧ ಆಗುತ್ತೆ?" ಹಿಂದಿನಿಂದ ಒಬ್ಬ ಗಂಡಸು ಕೇಳಿದ. "ಅರ್ಧ ಕೋಣಂದೂರು."

"ಕೋಣಂದೂರು ಮುಕ್ಕಾಲು ಮಾರಾಯ್ರೆ! ಅಲ್ಲಿಗೆ ಬರೋ ಹೊತ್ತಿಗೆ ನಂಗೆ ಒಂದು ನಿದ್ದೆ ಮುಗಿದಿರುತ್ತೆ."

"ನಿಮ್ಮ ನಿದ್ದೆ ಏನು ಕಿಲೋಮೀಟರ್ ಕಲ್ಲಾ?"

ಕಂಡಕ್ಟರ್‌ನನ್ನು ತೀರ್ಪಿಗೆ ಕರೆದರು. ಅವನು ಕಿವಿಯ ಮೇಲಿನ ಪೆನ್ನು ಸರಿಮಾಡಿಕೊಂಡು, "ಡ್ರೈವರ್ ಎಲ್ಲಿ ಟೀ ಕುಡೀತಾನೋ ಅದೇ ಅರ್ಧ. ಈಗ ಟಿಕೆಟ್ ತಗೊಳ್ಳಿ," ಅಂದ. ಬಸ್ಸಿಡೀ ಒಪ್ಪಿತು. ನಾನು ಒಪ್ಪಲಿಲ್ಲ. ಕಿಲೋಮೀಟರ್ ಕಲ್ಲು ನೋಡಿ ಲೆಕ್ಕ ಹಾಕಲು ಕಿಟಕಿಗೆ ತಲೆ ಇಟ್ಟೆ. ಎದುರಿಗೆ ಬಂದ ಲಾರಿಯ ಧೂಳು ಕಣ್ಣಿಗೆ ಹೋಗಿ, ಅರ್ಧ ದಾಟಿದ್ದೇ ಗೊತ್ತಾಗಲಿಲ್ಲ. ಸೊಸೆ ಸೆರಗಿಗೆ ಊದಿ ನನ್ನ ಕಣ್ಣಿಗೆ ಒತ್ತುತ್ತಾ ಮೊದಲ ಸಲ ನಕ್ಕಳು. ಸಂಖ್ಯಾರೇಖೆಯಿಂದ ಅಷ್ಟು ಪ್ರಯೋಜನವಾಯಿತು.

ಶಾಲೆ ಊರಿನ ಹೊರಗೆ, ಓಣಿಯೊಂದರ ಕೊನೆಯಲ್ಲಿತ್ತು. ಮುಖ್ಯೋಪಾಧ್ಯಾಯಿನಿ ನನಗಿಂತ ಬಹಳ ಚಿಕ್ಕವರು, ಚುರುಕು ನಡಿಗೆ, ಕೈಯಲ್ಲಿ ಗಡಿಯಾರ. ಗಡಿಯಾರ ಕಟ್ಟಿದವರನ್ನು ಕಂಡರೆ ನನಗೆ ಗೌರವ. "ಜೊತೆಯಲ್ಲಿ ಬಂದವರು ಆಫೀಸಿನಲ್ಲಿ ಕೂತಿರಿ ಅಮ್ಮ," ಅಂದರು. ಆಫೀಸಿನಲ್ಲಿ ಕೂತರೆ ತರಗತಿ ಕಾಣುತ್ತಿರಲಿಲ್ಲ. ಸೆಖೆಯ ನೆಪ ಹೇಳಿ ಮೊಗಸಾಲೆಯ ಬೆಂಚಿಗೆ ಬಂದೆ. ಅದು ಐದನೇ ತರಗತಿಯ ಕಿಟಕಿಯ ಪಕ್ಕದಲ್ಲೇ ಇತ್ತು ಎಂಬುದು ಬೆಂಚಿನ ತಪ್ಪು.

ಒಳಗೆ ಪಾಠ ಶುರುವಾಯಿತು. ಮುಖ್ಯೋಪಾಧ್ಯಾಯಿನಿ ಹಿಂದಿನ ಬೆಂಚಿನಲ್ಲಿ ಕೂತರು. ಸೊಸೆ ನಾನು ಹೇಳಿಕೊಟ್ಟಂತೆಯೇ ಬೋರ್ಡಿನ ಮೇಲೆ ನಾಲ್ಕನೇ ಒಂದು, ಎಂಟನೇ ಒಂದು ಬರೆದು, "ಯಾವುದು ದೊಡ್ಡದು?" ಎಂದು ಕೇಳಿದಳು.

"ಎಂಟನೇ ಒಂದು!" ಇಡೀ ತರಗತಿ ಕೂಗಿತು.

"ಯಾಕೆ?"

ಮುಂದಿನ ಬೆಂಚಿನ ಗುಂಡುಮುಖದ ಹುಡುಗ ಎದ್ದು, ಇಷ್ಟೂ ಗೊತ್ತಿಲ್ಲವೇ ಎಂಬ ಮುಖ ಮಾಡಿ, "ಎಂಟು ದೊಡ್ಡದಲ್ವಾ ಮಿಸ್," ಅಂದ.

ಎಲ್ಲವೂ ನನ್ನ ಪಾಠಯೋಜನೆಯಂತೆ. ಇನ್ನು ಡಬ್ಬಿ. ಅಷ್ಟರಲ್ಲಿ ನನ್ನ ಫೋನು ನಡುಗಿತು. ತಂಗಿ.

"ಅಕ್ಕಾ, ನಿನ್ನ ಚಪಾತಿ ಎಲ್ಲ ಎಂತಕ್ಕೆ ಹೀಂಗೆ ತುಂಡು ತುಂಡು? ಬಾವಂಗೆ ಅಷ್ಟೂ ಹಲ್ಲು ಹೋತಾ?"

"ಚಪಾತಿ ನಿನ್ನ ಹತ್ರ ಎಲ್ಲಿಂದ ಬಂತು?" ಸ್ವರ ತಗ್ಗಿಸಿ ಕೇಳಿದೆ.

"ಡಬ್ಬಿಲಿ ತಂದಿದ್ದೆ ಅಲ್ದಾ? ಪಾಪ, ಅಷ್ಟು ದೂರದಿಂದ ತಂದಿದ್ದು, ಬೆಲ್ಲ ತುಪ್ಪ ಹಾಕ್ಯಂಡು ತಿಂದಾತು. ಒಂದಕ್ಕಂತೂ ಮೂರನೇ ಪಾಲೇ ಇಲ್ಲೆ! ಖಾಲಿ ಡಬ್ಬಿ ಕೊಡ್ಲಾಗ ಅಂತ ನಿನ್ನೆ ಮಾಡಿದ ತೊಡದೇವು ಹಾಕಿದ್ದಿ. ಜೋಪಾನ, ಮುಟ್ಟಿರೆ ಪುಡಿ ಆಗ್ತು."

ನಮ್ಮ ಕಡೆಯ ಪದ್ಧತಿ ಇದು. ನೆಂಟರು ತಂದ ಡಬ್ಬಿಯನ್ನು ಬಿಚ್ಚಿ, ತಂದದ್ದನ್ನು ತೆಗೆದಿಟ್ಟುಕೊಂಡು, ಹೊರಡುವಾಗ ತಮ್ಮ ಮನೆಯದೇನಾದರೂ ತುಂಬಿ ಕೊಡಬೇಕು. ಖಾಲಿ ಡಬ್ಬಿ ಮರಳಿಸುವವರು ನಮ್ಮಲ್ಲಿಲ್ಲ. ಹಾಗಾಗಿ ಡಬ್ಬಿ ನನ್ನದೇ ಎಂದು ನಾನು ಖಚಿತವಾಗಿ ಹೇಳಬಲ್ಲೆ, ಒಳಗಿರುವುದು ನನ್ನದೆಂದು ಮಾತ್ರ ಹೇಳಲಾರೆ. ಅದು ಕಬ್ಬಿನ ಹಾಲಿನ ಕಾಲ. ತಂಗಿ ಬಿಸಿ ಮಡಕೆಯ ಬೆನ್ನಿನ ಮೇಲೆ ಆ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟು ಸವರಿ, ಕಾಗದಕ್ಕಿಂತ ತೆಳ್ಳಗೆ ಎಬ್ಬಿಸಿ, ಬಿಸಿಯಿರುವಾಗಲೇ ಮಡಚಿಡುವ ತೊಡದೇವಿಗೆ ಹೊಸನಗರದಲ್ಲಿ ಹೆಸರಿದೆ. ಆರಿದ ಮೇಲೆ ಅದನ್ನು ಬಿಡಿಸಲಾಗದು, ಕತ್ತರಿಸಲಾಗದು, ದಿಟ್ಟಿಸಿ ನೋಡಿದರೂ ಬಿರುಕು ಬಿಡುತ್ತದೆ. ಜಗತ್ತಿನಲ್ಲಿ ಸಮನಾಗಿ ಅರ್ಧ ಮಾಡಲಾಗದ ತಿಂಡಿ ಯಾವುದೆಂದು ಯಾರಾದರೂ ಹುಡುಕಿ ಹೊರಟಿದ್ದರೆ ತಂಗಿಯ ಮನೆಯಲ್ಲಿ ಅವರ ಹುಡುಕಾಟ ಮುಗಿಯುತ್ತಿತ್ತು.

ಫೋನು ಇಡುವಷ್ಟರಲ್ಲಿ ಒಳಗೆ ಡಬ್ಬಿ ತೆರೆದಾಗಿತ್ತು. ಸೊಸೆ ಒಳಗೆ ನೋಡಿದಳು. ಆಮೇಲೆ ಕಿಟಕಿಯತ್ತ ನೋಡಿದಳು. ಆ ಮುಖವನ್ನು ನಾನು ಪರೀಕ್ಷಾ ಕೊಠಡಿಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ: ಓದಿದ್ದೊಂದು, ಬಂದದ್ದೊಂದು. ನಾನು ಎರಡೂ ಕೈ ಮೇಲೆತ್ತಿದೆ. ಅದರ ಅರ್ಥ ನನಗೂ ಗೊತ್ತಿರಲಿಲ್ಲ.

ಅವಳು ಒಂದು ತೊಡದೇವನ್ನು ಎತ್ತಿ ಹಿಡಿದಳು. "ಇದು ಏನು ಗೊತ್ತಾ?"

"ತೊಡದೇವು!" ಗೊತ್ತಿದ್ದವರು ಕೂಗಿದರು. ಗೊತ್ತಿಲ್ಲದವರು ಬೆಂಚು ಹತ್ತಿ ನೋಡಿದರು.

"ಇದನ್ನ ಇಬ್ಬರಿಗೆ ಹಂಚ್ತೇನೆ. ಒಂದು ಮೇಡಮ್‌ಗೆ, ಒಂದು..." ಎನ್ನುತ್ತಾ ಮುರಿದಳು. ಮೂರು ಚೂರು, ಒಂದಿಷ್ಟು ಪುಡಿ. ಮೇಜಿನ ಮೇಲೆ ಮಳೆ ಬಿದ್ದಂತಾಯಿತು. ಆಗ ಅವಳ ಕೈ ಏನು ಮಾಡಿತೋ ಅದು ಅವಳು ಯೋಚಿಸಿ ಮಾಡಿದ್ದಲ್ಲ. ಚೂರುಗಳಲ್ಲಿ ಅತಿ ದೊಡ್ಡದನ್ನು ಆರಿಸಿ, ಎರಡೂ ಕೈಯಲ್ಲಿ ಹಿಡಿದು, ನೇರ ಹಿಂದಿನ ಬೆಂಚಿಗೆ ಹೋಗಿ ಮುಖ್ಯೋಪಾಧ್ಯಾಯಿನಿಯ ಅಂಗೈಗೆ ಹಾಕಿದಳು. ನಮ್ಮ ಮನೆಯ ಸೊಸೆ!

ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು. "ಮಿಸ್, ಅದು ಅರ್ಧ ಅಲ್ಲ. ಮೇಡಮ್‌ಗೆ ದೊಡ್ಡದು ಕೊಟ್ರಿ. ಪಂಕ್ತಿಭೇದ ಮಾಡ್ಬಾರ್ದು ಅಂತ ನಮ್ಮಜ್ಜಿ ಹೇಳ್ತಾರೆ."

ತರಗತಿ ಘೊಳ್ಳೆಂದಿತು. ಮುಖ್ಯೋಪಾಧ್ಯಾಯಿನಿ ಅಂಗೈ ಮುಚ್ಚಲೋ ತೆರೆಯಲೋ ತಿಳಿಯದೆ ಕೂತರು. ನಾನು ಹಣೆ ಬಡಿದುಕೊಂಡೆ. ಬೆಳಿಗ್ಗೆ ಹೇಳಿಕೊಟ್ಟ ಮೊದಲನೇ ಮೆಟ್ಟಿಲಲ್ಲೇ ಜಾರಿದ್ದಳು. ಮೂರನೇ ಶಾಲೆಯೂ ಹೋಯಿತು ಎಂದು ತೀರ್ಮಾನಿಸಿ ವಾಪಸು ಬಸ್ಸಿನ ಹೊತ್ತು ನೆನಪು ಮಾಡಿಕೊಳ್ಳತೊಡಗಿದೆ.

ಆದರೆ ಸೊಸೆ ಆ ಹುಡುಗಿಯನ್ನೇ ನೋಡುತ್ತಾ ನಿಂತಿದ್ದಳು. "ನಿಮ್ಮಜ್ಜಿ ಹೇಳಿದ್ದು ಸರಿ," ಅಂದಳು. "ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ. ಬೆಂಚು ಸರಿಸಿ. ನೆಲದ ಮೇಲೆ ಪಂಕ್ತಿ ಹಾಕಿ."

ಇವಳು ಬಡಿಸುವುದನ್ನು ನಾನು ಎಷ್ಟೋ ಮನೆಗಳ ಊಟದಲ್ಲಿ ನೋಡಿದ್ದೇನೆ. ಪಾತ್ರೆ ಹಿಡಿದು ಪಂಕ್ತಿಯ ಮೊದಲಿಗೆ ನಿಂತಾಗ ಅವಳ ಕಣ್ಣು ಮೊದಲು ಹೋಗುವುದು ಪಂಕ್ತಿಯ ಕೊನೆಗೆ. ಎಷ್ಟು ಎಲೆ, ಎಷ್ಟು ಪಾಯಸ ಎಂದು ಒಂದು ಸಲ ಅಳೆದುಬಿಟ್ಟರೆ ಸೌಟು ತಾನೇ ಹದಕ್ಕೆ ಬರುತ್ತದೆ. ಇವಳು ಬಡಿಸಿದ ಪಂಕ್ತಿಯಲ್ಲಿ ಕೊನೆಯವರಿಗೆ ಸಾಲದೆ ಹೋದದ್ದಿಲ್ಲ. ಇದು ಭಿನ್ನರಾಶಿ ಎಂದು ನಾವು ಯಾರೂ ಅವಳಿಗೆ ಹೇಳಿರಲಿಲ್ಲ, ನಮಗೂ ಹೊಳೆದಿರಲಿಲ್ಲ.

ಮೂರು ಪಂಕ್ತಿಯಾಯಿತು. ಇಬ್ಬರದೊಂದು, ನಾಲ್ವರದೊಂದು, ಎಂಟು ಜನರದೊಂದು. "ಪ್ರತಿ ಪಂಕ್ತಿಗೂ ಒಂದೇ ಒಂದು ತೊಡದೇವು," ಎಂದು ಸಾರಿದಳು. "ಯಾರು ಎಲ್ಲಿ ಬೇಕಾದ್ರೂ ಕೂರಬಹುದು."

ಹೇಳಿ ಬಾಯಿ ಮುಚ್ಚುವುದರೊಳಗೆ ಇಬ್ಬರ ಪಂಕ್ತಿಯಲ್ಲಿ ಒಂಬತ್ತು ಜನ ಒಬ್ಬರ ಮೇಲೊಬ್ಬರು ಕೂತಿದ್ದರು. ಎಲ್ಲರಿಗಿಂತ ಮುಂದೆ, ಕಾಲು ಚಾಚಿ ಜಾಗ ಹಿಡಿದಿದ್ದವನು ಅದೇ ಗುಂಡುಮುಖದವನು. ಎಂಟರ ಪಂಕ್ತಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

"ಎಂಟು ದೊಡ್ಡದು ಅಂದ್ಯಲ್ಲೋ? ಹೋಗಿ ಅಲ್ಲಿ ಕೂರು," ಅಂದಳು ಸೊಸೆ.

"ನಾನು ಹೋಗಲ್ಲ ಮಿಸ್."

"ಯಾಕೆ?"

"ಅಲ್ಲಿ ಎಂಟು ಜನ ಇರ್ತಾರೆ. ನಂಗೆ ಬರೀ ಪುಡಿ ಸಿಗೋದು."

"ಹಾಗಾದ್ರೆ ನಾಲ್ಕನೇ ಒಂದು ದೊಡ್ಡದಾ, ಎಂಟನೇ ಒಂದಾ?"

ಹುಡುಗ ಬೋರ್ಡು ನೋಡಿದ, ಎಂಟರ ಪಂಕ್ತಿ ನೋಡಿದ, ಮತ್ತೆ ಬೋರ್ಡು ನೋಡಿದ. "ಅಯ್ಯೋ," ಅಂದ. ಎದ್ದು ಹೋಗಿ ತಾನೇ ಎಂಟನೇ ಒಂದರ ಮೇಲೆ ಸಣ್ಣದು ಎಂದು ಬರೆದು, ಮತ್ತೆ ತನ್ನ ಜಾಗ ಹಿಡಿಯಲು ಓಡಿ ಬಂದ. ಅಷ್ಟರಲ್ಲಿ ಅಲ್ಲಿ ಬೇರೊಬ್ಬ ಕೂತಿದ್ದ. ಜ್ಞಾನಕ್ಕೆ ಬೆಲೆ ತೆರಬೇಕಾಗುತ್ತದೆ.

ಹೇಗೋ ಜನ ಹೊಂದಿಸಿದ್ದಾಯಿತು. ಎಂಟರ ಪಂಕ್ತಿಗೆ ಸೊಸೆಯೇ ಹೆಸರು ಕೂಗಿ ಕೂರಿಸಿದಳು. ಆಗ ಎರಡು ಜಡೆಯವಳು ಮತ್ತೆ ಎದ್ದಳು. "ಮಿಸ್, ಇದು ಮುರಿದ್ರೆ ಪುಡಿ ಆಗುತ್ತೆ. ಸಮ ಹೇಗೆ ಮಾಡ್ತೀರಿ?"

"ಪುಡಿಯೇ ಮಾಡೋಣ," ಅಂದಳು ಸೊಸೆ.

ಪ್ರತಿ ಪಂಕ್ತಿಯ ಮುಂದೆ ಒಂದು ಹಾಳೆ ಹಾಸಿ, ತೊಡದೇವು ಇಟ್ಟು, ಡಬ್ಬಿಯ ಮುಚ್ಚಳದಿಂದ ಒತ್ತಿ ಪುಡಿ ಮಾಡಿದಳು. ತಂಗಿ ಅಲ್ಲಿದ್ದಿದ್ದರೆ ಅತ್ತುಬಿಡುತ್ತಿದ್ದಳು. ತನ್ನ ಬುತ್ತಿಯ ಚಮಚ ತೆಗೆದು, ಪ್ರತಿಯೊಬ್ಬರ ಮುಂದೂ ಒಂದು ಚಿಕ್ಕ ಹಾಳೆಯಿಟ್ಟು, ಎಲ್ಲರಿಗೂ ಒಂದೊಂದು ಚಮಚ, ಕೊನೆ ಮುಟ್ಟಿ ಮತ್ತೆ ಮೊದಲಿನಿಂದ, ಪುಡಿ ತೀರುವವರೆಗೆ ಬಡಿಸಿದಳು. ಆಕಾರ ಹೋಯಿತು, ಪಾಲು ಹೋಗಲಿಲ್ಲ. ನನ್ನ ಕೋನಮಾಪಕದಿಂದ ಇದನ್ನು ತೋರಿಸಲು ಸಾಧ್ಯವಿರಲಿಲ್ಲ. ನನ್ನ ಚಪಾತಿ ನೋಡಿದ ಮಕ್ಕಳು ಭಿನ್ನರಾಶಿ ಎಂದರೆ ತ್ರಿಕೋನದ ತುಂಡು ಎಂದುಕೊಂಡಿರುತ್ತಿದ್ದವು. ಮೊಗಸಾಲೆಯಲ್ಲಿ ಕೂತು ಇದನ್ನು ನಾನು ಒಪ್ಪಿಕೊಂಡೆ; ಯಾರೂ ಕೇಳಿರಲಿಲ್ಲ, ಆದರೂ.

ನಾಲ್ವರ ಪಂಕ್ತಿಯಲ್ಲಿ ಒಬ್ಬಳಿಗೆ ಸಿಹಿ ಸೇರುವುದಿಲ್ಲ. ತನ್ನ ಹಾಳೆಯನ್ನು ಪಕ್ಕದವಳಿಗೆ ದಾಟಿಸಿದಳು. ಇದನ್ನು ಹಿಂದಿನ ಬೆಂಚು ಗಮನಿಸಿತು.

"ಒಂದು ಪ್ರಶ್ನೆ," ಮುಖ್ಯೋಪಾಧ್ಯಾಯಿನಿ ಎದ್ದು ನಿಂತರು. "ಆ ಹುಡುಗಿ ಹತ್ರ ಈಗ ನಾಲ್ಕನೇ ಒಂದು, ಇನ್ನೊಂದು ನಾಲ್ಕನೇ ಒಂದು ಇದೆ. ಮೇಲಿನ ಒಂದೂ ಒಂದೂ ಎರಡು. ಕೆಳಗಿನ ನಾಲ್ಕೂ ನಾಲ್ಕೂ ಎಂಟು. ಅಂದ್ರೆ ಎಂಟನೇ ಎರಡು. ಹೌದೋ ಅಲ್ಲವೋ?"

ಅದೇ ಪ್ರಶ್ನೆ. ಎರಡನೇ ಶಾಲೆಯ ಬಾಗಿಲು ಮುಚ್ಚಿಸಿದ ಪ್ರಶ್ನೆ. ನನಗೆ ಉತ್ತರ ಗೊತ್ತು. ಛೇದವೆಂದರೆ ಎಣಿಕೆಯಲ್ಲ, ಪಾಲಿನ ಜಾತಿ, ಜಾತಿ ಕೂಡುವುದಿಲ್ಲ ಎಂದು ಕಿಟಕಿಯ ಸರಳಿಗೆ ಬಾಯಿ ತಂದಿದ್ದೆ. ಸೊಸೆ ನನ್ನ ಕಡೆ ನೋಡಲಿಲ್ಲ. ಚಮಚ ಕೈಯಲ್ಲೇ ಇತ್ತು. ಕಣ್ಣು, ನಾನು ಹೇಳಿದೆನಲ್ಲ, ಹಾಗೆಯೇ ಪಂಕ್ತಿಯ ಕೊನೆಗೆ ಹೋಯಿತು.

"ಮಕ್ಕಳೇ," ಅಂದಳು, "ಅವಳು ತನ್ನ ಪಾಲು ದಾಟಿಸಿದಾಗ ಈ ಪಂಕ್ತಿಗೆ ಹೊಸಬರು ಯಾರಾದ್ರೂ ಬಂದು ಕೂತ್ರಾ?"

"ಇಲ್ಲ!"

"ಪಂಕ್ತಿಯಲ್ಲಿ ಎಷ್ಟು ಜನ?"

"ನಾಲ್ಕು!"

"ಮತ್ತೆ ಎಂಟು ಎಲ್ಲಿಂದ ಬಂತು?"

ನಾಲ್ವರ ಪಂಕ್ತಿಯವರು ತಲೆ ಎಣಿಸಿಕೊಂಡರು. ಎರಡು ಪಾಲು ಹಿಡಿದ ಹುಡುಗಿ, ಯಾರಾದರೂ ಕಿತ್ತುಕೊಂಡಾರೆಂದು ಹಾಳೆಯನ್ನು ಎದೆಗೆ ಅವುಚಿಕೊಂಡೇ ಹೇಳಿದಳು. "ನಾಲ್ಕರಲ್ಲಿ ಎರಡು ಮಿಸ್. ಅಂದ್ರೆ ಅರ್ಧ. ಇಬ್ಬರ ಪಂಕ್ತಿಯವರಿಗೆ ಸಿಕ್ಕಿದಷ್ಟೇ ನಂಗೂ ಸಿಕ್ತು!"

ಗುಂಡುಮುಖದವನು, ಈಗ ನಾಲ್ಕನೇ ಒಂದು ಮಾತ್ರ ಪಡೆದವನು, "ಇದು ಮೋಸ," ಅಂದ. ಗಂಟೆ ಹೊಡೆಯಿತು.

ಆಮೇಲೆ ಆಫೀಸಿನಲ್ಲಿ ನಾವಿಬ್ಬರೂ ಕುರ್ಚಿಯ ಅಂಚಿನಲ್ಲಿ ಕೂತೆವು. ಸೊಸೆಯ ಸೀರೆಯ ತುಂಬ ತೊಡದೇವಿನ ಪುಡಿ. ಮುಖ್ಯೋಪಾಧ್ಯಾಯಿನಿ ಒಳಗೆ ಬಂದರು. ತುಟಿಯ ಪಕ್ಕದಲ್ಲಿ ಒಂದು ಚೂರು ಅಂಟಿತ್ತು, ಹಾಗಾಗಿ ಅಂಗೈಯಲ್ಲಿದ್ದ ದೊಡ್ಡ ಅರ್ಧದ ಗತಿ ಏನಾಯಿತೆಂದು ಕೇಳಬೇಕಾಗಿರಲಿಲ್ಲ.

"ನಿಮ್ಮ ಕ್ಲಾಸಿನಲ್ಲಿ ಗಲಾಟೆ ಹೆಚ್ಚು," ಅಂದರು.

"ಹೌದು ಮೇಡಮ್," ಸೊಸೆ ತಲೆ ತಗ್ಗಿಸಿದಳು.

"ಪಾಠಯೋಜನೆಯಲ್ಲಿ ಚಪಾತಿ ಅಂತ ಬರೆದಿದ್ರಿ."

ನಾನು ಕೆಮ್ಮಿದೆ.

ಅವರು ಮೇಜಿನ ಮೇಲಿದ್ದ ನನ್ನ ಡಬ್ಬಿಯನ್ನು ಹತ್ತಿರ ಎಳೆದು ಮುಚ್ಚಳ ತೆಗೆದರು. ಒಳಗೆ ಏನೂ ಉಳಿದಿರಲಿಲ್ಲ. ಉಳಿದ ಮಕ್ಕಳಿಗೆ ಹಂಚಿ ಮುಗಿದಿತ್ತು. ಕಪಾಟು ತೆರೆದು, ಸೀಮೆಸುಣ್ಣದ ಹೊಸ ಪೊಟ್ಟಣ ಒಡೆದು, ಬಿಳಿ, ಹಳದಿ, ಕೆಂಪು ಎಲ್ಲವನ್ನೂ ಡಬ್ಬಿಗೆ ಸುರಿದು ಮುಚ್ಚಳ ಹಾಕಿ ಸೊಸೆಯ ಮುಂದಿಟ್ಟರು.

"ಖಾಲಿ ಡಬ್ಬಿ ಕಳಿಸೋ ಅಭ್ಯಾಸ ನಮ್ಮನೇಲೂ ಇಲ್ಲ. ಜೂನ್‌ನಲ್ಲಿ ಬರುವಾಗ ಇದನ್ನ ತನ್ನಿ. ಆದೇಶಪತ್ರ ಸೋಮವಾರ ಕಳಿಸ್ತೇವೆ."

ಸೊಸೆ ಡಬ್ಬಿಯನ್ನು ನೋಡುತ್ತಾ ಕೂತಳು. "ಜೂನ್ ಒಳಗೆ ಕುಕ್ಕರ್ ತಗಳಕ್ಕು," ಎಂದು ನನ್ನ ಕಿವಿಯಲ್ಲಿ ಹೇಳಿದಳು. "ಇವರ ಕೋಣೆಲಿ ಇಪ್ಪದು ಒಂದೇ ಪಾತ್ರೆ." ಗಂಡ ಬಸ್ ನಿಲ್ದಾಣಕ್ಕೇ ಬಂದಿದ್ದ. ಸುದ್ದಿ ಕೇಳಿದವನು ನನ್ನ ಕಾಲಿಗೆ ಬಗ್ಗಿದ. "ನನ್ನ ಕಾಲಿಗಲ್ಲ, ನಿನ್ನ ಅಮ್ಮನ ಕಾಲಿಗೆ ಬೀಳು," ಅಂದೆ. ಅವನಿಗೆ ಅರ್ಥವಾಗಲಿಲ್ಲ. ಮೂವರೂ ಒಂದೇ ಬಸ್ಸಿನಲ್ಲಿ ಹೊಸನಗರಕ್ಕೆ ಬಂದೆವು. ದಾರಿಯಲ್ಲಿ ಸಂಖ್ಯಾರೇಖೆಯನ್ನು ಎರಡನೇ ವಾರದಲ್ಲಿ ತಪ್ಪದೆ ಹೇಳಿಕೊಡಬೇಕೆಂದು ಸೊಸೆಗೆ ತಾಕೀತು ಮಾಡಿದೆ. ಆ ಮೆಟ್ಟಿಲನ್ನು ಬಿಟ್ಟುಕೊಡಲು ನಾನು ಸಿದ್ಧಳಿಲ್ಲ. ಡ್ರೈವರು ಟೀ ಕುಡಿಯಲು ನಿಲ್ಲಿಸಿದಾಗ ಸೊಸೆ ನನ್ನನ್ನು ಮೊಣಕೈಯಲ್ಲಿ ತಿವಿದು, "ದೊಡ್ಡತ್ತೆ, ಅರ್ಧ ಬಂತು," ಅಂದಳು.

ತಂಗಿ ಸುದ್ದಿ ಕೇಳಿ ಮೊದಲು ಕಣ್ಣೊರೆಸಿಕೊಂಡಳು. ತನ್ನ ತೊಡದೇವನ್ನು ಮುಚ್ಚಳದಲ್ಲಿ ಒತ್ತಿ ಪುಡಿ ಮಾಡಿದ್ದು ತಿಳಿದು ಎರಡನೇ ಸಲ ಒರೆಸಿಕೊಂಡಳು. ಸೀಮೆಸುಣ್ಣವನ್ನು ಸೊಸೆ ಬೇರೆ ಡಬ್ಬಿಗೆ ಹಾಕಿಕೊಂಡಳು. ಖಾಲಿಯಾದ ನನ್ನ ಡಬ್ಬಿಯ ಕಡೆ ತಂಗಿ ನೋಡಿದ್ದು ಕಂಡು, "ಬ್ಯಾಡ," ಅಂದೆ. ಅವಳು ಕೇಳಲಿಲ್ಲ. "ಬಾವಂಗೆ ಎರಡೇ ಎರಡು. ಹಲ್ಲಿಲ್ಲದಿದ್ರೂ ಕರಗ್ತು."

"ಅವರಿಗೆ ಹಲ್ಲು ಎಲ್ಲ ಇದ್ದು."

"ಇರ್ಲಿ."

ಸಾಗರ ತಲುಪಿದಾಗ ದೀಪ ಹಚ್ಚುವ ಹೊತ್ತು. ಅವಲಕ್ಕಿಯ ಪಾತ್ರೆ ತೊಳೆಯದೆ ಹಾಗೇ ಇತ್ತು. ಡಬ್ಬಿ ತೆರೆದು ನೋಡಿದೆ. ಎರಡೆಂದವಳು ಎರಡೇ ಹಾಕಿದ್ದಳು, ಇದು ಅವಳ ಜೀವನದಲ್ಲೇ ಮೊದಲು. ಬಸ್ಸಿನ ಕುಲುಕಾಟಕ್ಕೆ ಎರಡೂ ತಾವಾಗಿಯೇ ಪುಡಿಯಾಗಿದ್ದವು. ಯಜಮಾನರು ಊಟದ ಮಣೆಯ ಮೇಲೆ ಕೂತು, "ನಂಗೆ ಅರ್ಧ ಸಾಕು," ಅಂದರು, ಬಟ್ಟಲನ್ನು ಮುಂದಕ್ಕೆ ತಳ್ಳುತ್ತಾ.

ಚಮಚ ತಂದೆ. ಅವರಿಗೊಂದು, ನನಗೊಂದು, ಅವರಿಗೊಂದು, ನನಗೊಂದು. ಪುಡಿ ತೀರಿತು. ಆಮೇಲೆ ಬೆಳಗಿನ ಮೂರನೇ ಒಂದು ನೆನಪಾಗಿ, ಅವರ ಬಟ್ಟಲಿನಿಂದ ಒಂದು ಚಮಚ ತೆಗೆದು ನನ್ನದಕ್ಕೆ ಹಾಕಿಕೊಂಡೆ.

"ಇದು ಯಾವ ಲೆಕ್ಕ?"

"ವ್ಯವಕಲನ."

ಇಬ್ಬರದಕ್ಕೂ ತುಪ್ಪ ಹಾಕಿದೆ. ತಿಂದಾಯಿತು. ಅವಲಕ್ಕಿ ಪಾತ್ರೆ ತೊಳೆದೆ. ಕೋನಮಾಪಕಕ್ಕೆ ಅಂಟಿದ್ದ ಹಿಟ್ಟನ್ನು ಉಗುರಿನಿಂದ ಕೆರೆದು ಜಾಮಿಟ್ರಿ ಬಾಕ್ಸಿನಲ್ಲಿಟ್ಟೆ. ಕೊನೆಗೆ ಡಬ್ಬಿಯನ್ನು ತೊಳೆದು, ಒರೆಸಿ, ಮುಚ್ಚಳ ಬೇರೆ ಡಬ್ಬಿ ಬೇರೆಯಾಗಿ ಬೋರಲು ಹಾಕಿ, ಅಡುಗೆಮನೆಯ ದೀಪ ಆರಿಸಿದೆ.